ಬಿದ್ದವರನ್ನು ಕೂರಿಸಿಬಿಡಬೇಡಿ: ಎಪ್ಪತ್ತರ ನಂತರ ಕಾಲಿನ ಬಲ ಉಳಿಸಿಕೊಳ್ಳುವ ಬಗೆ

ಪ್ರಶ್ನೆ: ನಮ್ಮ ತಾಯಿಗೆ 74 ವರ್ಷ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ನಾಲ್ಕು ತಿಂಗಳ ಹಿಂದೆ ರಾತ್ರಿ ಬಚ್ಚಲಿಗೆ ಹೋದಾಗ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದ್ದಾರೆ, ಕೈ ಸರಿಹೋಗಿದೆ. ಆದರೆ ಅಡುಗೆ, ಹೂವಿನ ಗಿಡ, ಕೊಟ್ಟಿಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಈಗ ಹೆದರಿ ಅಂಗಳಕ್ಕೂ ಇಳಿಯುವುದಿಲ್ಲ. ಅತ್ತಿಗೆಯೂ ಏನನ್ನೂ ಮುಟ್ಟಲು ಬಿಡುವುದಿಲ್ಲ, ‘ಕೂತಿರಿ, ನಾನು ಮಾಡ್ತೀನಿ’ ಎನ್ನುತ್ತಾರೆ. ಈಗ ಕುರ್ಚಿಯಿಂದ ಏಳಲೂ ಕೈ ಕೊಡಬೇಕಾಗಿದೆ. ಬಿಪಿ, ಶುಗರ್‌ಗೆ ಮಾತ್ರೆ ಇದೆ. ತಂದೆ ತೀರಿಕೊಂಡ ಮೇಲೆ ಮೂರು ವರ್ಷದಿಂದ ನಿದ್ರೆಗೂ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನೂ ಎಷ್ಟು ದಿನ ವಿಶ್ರಾಂತಿ ಬೇಕು? ಶಕ್ತಿ ಬರಲು ಯಾವ ಟಾನಿಕ್ ಅಥವಾ ಪ್ರೋಟೀನ್ ಪುಡಿ ಕೊಡಬಹುದು? ಬೆಂಗಳೂರಿಗೆ ಕರೆತಂದು ಇಟ್ಟುಕೊಳ್ಳುವುದು ಒಳ್ಳೆಯದೇ?

ಉತ್ತರ: ವಿಶ್ರಾಂತಿಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೂರರಲ್ಲಿ ತುರ್ತಾದದ್ದು ಅದೇ. ಮಣಿಕಟ್ಟು ಮುರಿದಾಗ ವಿಶ್ರಾಂತಿ ಬೇಕಾದದ್ದು ಮಣಿಕಟ್ಟಿಗೆ, ಅದೂ ಕೆಲವು ವಾರಗಳ ಮಟ್ಟಿಗೆ. ಕಾಲುಗಳಿಗೆ ಒಂದು ದಿನದ ವಿಶ್ರಾಂತಿಯೂ ಬೇಕಿರಲಿಲ್ಲ. ನಾಲ್ಕು ತಿಂಗಳ ನಂತರ ಅವರು ಕುರ್ಚಿಯಿಂದ ತಾವಾಗಿ ಏಳಲಾರದೆ ಹೋಗಿರುವುದನ್ನು ಮನೆಯವರು ಸಾಮಾನ್ಯವಾಗಿ ಬಿದ್ದದ್ದರ ಪರಿಣಾಮ ಎಂದೋ, ವಯಸ್ಸಾಯಿತು ಎಂದೋ ತಿಳಿಯುತ್ತಾರೆ. ನೀವು ಬರೆದಿರುವ ವಿವರಗಳನ್ನು ನೋಡಿದರೆ ಇದರಲ್ಲಿ ದೊಡ್ಡ ಪಾಲು ಕೂತದ್ದರ ಪರಿಣಾಮ, ಆದ್ದರಿಂದ ಬಹುಮಟ್ಟಿಗೆ ಮರಳಿ ಪಡೆಯಬಹುದಾದದ್ದು ಎಂದೇ ನನಗನ್ನಿಸುತ್ತದೆ.

ಮೂವತ್ತರ ನಂತರ ನಮ್ಮೆಲ್ಲರ ಸ್ನಾಯುಗಳೂ ನಿಧಾನವಾಗಿ ಕರಗುತ್ತವೆ. ಅರವತ್ತು ದಾಟಿದ ಮೇಲೆ ಆ ವೇಗ ಹೆಚ್ಚುತ್ತದೆ, ಮತ್ತು ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. ಆದರೆ ಈ ನಿಧಾನದ ಇಳಿತಕ್ಕೂ ಹಾಸಿಗೆ, ಕುರ್ಚಿಗಳಲ್ಲಿ ಆಗುವ ನಷ್ಟಕ್ಕೂ ಹೋಲಿಕೆಯೇ ಇಲ್ಲ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಕೇವಲ ಹತ್ತು ದಿನ ಹಾಸಿಗೆಯಲ್ಲಿ ಇರಿಸಿದಾಗ ಅವರ ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋದಷ್ಟು ಕೊಬ್ಬಿಲ್ಲದ ಅಂಗಾಂಶ, ಅಂದರೆ ಮುಖ್ಯವಾಗಿ ಸ್ನಾಯು, ಕಳೆದುಹೋಗಿತ್ತು. ಅವರು ಕಾಯಿಲೆಯವರಲ್ಲ, ಮೂಳೆ ಮುರಿದವರೂ ಅಲ್ಲ, ಸುಮ್ಮನೆ ಮಲಗಿದ್ದವರು. ನಿಮ್ಮ ತಾಯಿಯವರು ಹಾಸಿಗೆ ಹಿಡಿದಿಲ್ಲ ನಿಜ. ಆದರೆ ಕೊಟ್ಟಿಗೆಗೂ ಅಡುಗೆಮನೆಗೂ ಓಡಾಡುತ್ತಿದ್ದ ಕಾಲುಗಳಿಗೆ ದಿನವಿಡೀ ಕುರ್ಚಿ ಎಂದರೆ ಅದಕ್ಕೆ ಹತ್ತಿರದ್ದೇ.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ. 1990ರಲ್ಲಿ ಬಾಸ್ಟನ್ ನಗರದ ಒಂದು ವೃದ್ಧಾಲಯದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಲಾಯಿತು. ಕೊನೆಯವರೆಗೆ ಮುಂದುವರಿಸಿದ ಒಂಬತ್ತು ಮಂದಿಯಲ್ಲಿ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ಗಾತ್ರವೂ ಸುಮಾರು ಶೇ 9ರಷ್ಟು ಬೆಳೆಯಿತು. ಅಧ್ಯಯನ ಚಿಕ್ಕದು, ಆದರೆ ನಂತರದ ದೊಡ್ಡ ಅಧ್ಯಯನಗಳೂ ಇದೇ ದಿಕ್ಕಿನಲ್ಲಿ ಸಾಗಿವೆ. ಸ್ನಾಯುವಿಗೆ ಕೆಲಸ ಕೊಟ್ಟರೆ ಅದು ತೊಂಬತ್ತರಲ್ಲೂ ಬೆಳೆಯುತ್ತದೆ ಎಂಬುದರಲ್ಲಿ ಇಂದು ವೈದ್ಯಲೋಕಕ್ಕೆ ಅನುಮಾನವಿಲ್ಲ. 74 ಅದಕ್ಕೆ ತಡವಾದ ವಯಸ್ಸಲ್ಲ.

ಭಯದ ಮಾತಿಗೆ ಬರೋಣ. ಒಮ್ಮೆ ಬಿದ್ದವರು ಮತ್ತೆ ಬೀಳುವ ಹೆದರಿಕೆಯಿಂದ ಓಡಾಟ ಕಡಿಮೆ ಮಾಡುತ್ತಾರೆ. ಓಡಾಟ ಕಡಿಮೆಯಾದಂತೆ ತೊಡೆಯ ಬಲವೂ ಮೈಯ ಸಮತೋಲವೂ ಕುಗ್ಗುತ್ತವೆ. ಹಾಗೆ ಕುಗ್ಗಿದ ಮೇಲೆ ಎದ್ದು ನಡೆದ ನಾಲ್ಕು ಹೆಜ್ಜೆಯಲ್ಲೇ ತೂರಾಡಿದಂತಾಗಿ, ಹೆದರಿದ್ದು ಸರಿಯೇ ಎಂದು ಅವರಿಗೆ ಖಚಿತವಾಗುತ್ತದೆ. ಈ ಹಂತದಲ್ಲಿ ‘ಹೆದರಬೇಡಿ’ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ, ಏಕೆಂದರೆ ಅವರ ಹೆದರಿಕೆಗೆ ಈಗ ನಿಜವಾದ ಕಾರಣವೇ ಇದೆ. ಬಲ ಬಂದ ಮೇಲೆ ಧೈರ್ಯ ಬರುತ್ತದೆ, ಧೈರ್ಯ ಬರಲಿ ಎಂದು ಕಾಯುತ್ತಾ ಕೂತರೆ ಎರಡೂ ಬರುವುದಿಲ್ಲ.

ಅತ್ತಿಗೆಯವರ ವಿಷಯವನ್ನು ನೀವು ಸ್ವಲ್ಪ ದೂರಿನ ಧಾಟಿಯಲ್ಲಿ ಬರೆದಿದ್ದೀರಿ. ದಯವಿಟ್ಟು ಅದನ್ನು ಬದಿಗಿಡಿ. ಕೈ ಮುರಿದುಕೊಂಡ ಅತ್ತೆಯ ಕೈಯಲ್ಲಿ ಪೊರಕೆಯನ್ನೋ ಸೌಟನ್ನೋ ಕಂಡರೆ ನೆರೆಹೊರೆಯವರು ಮಾತಾಡಿಕೊಳ್ಳುವುದು ಸೊಸೆಯ ಬಗ್ಗೆಯೇ ಹೊರತು ಬೆಂಗಳೂರಿನಲ್ಲಿರುವ ಮಗನ ಬಗ್ಗೆಯಲ್ಲ. ಮತ್ತೊಮ್ಮೆ ಬಿದ್ದರೆ ಆಸ್ಪತ್ರೆಗೆ ಓಡಾಡಬೇಕಾದವರೂ, ನೆಂಟರಿಂದ ಮಾತು ಕೇಳಬೇಕಾದವರೂ ಅವರೇ. ಹೀಗಿರುವಾಗ ಅವರು ‘ಕೂತಿರಿ’ ಎನ್ನದೆ ಇನ್ನೇನು ಹೇಳಿಯಾರು? ಅತ್ತೆಯನ್ನು ಕೆಲಸಕ್ಕೆ ಹಚ್ಚುವ ಹೊಣೆ ಸೊಸೆಯ ಹೆಗಲಿಗೆ ಬೀಳಬಾರದು, ಅದು ವೈದ್ಯರ ಸೂಚನೆಯಾಗಿ ಬರಬೇಕು. ಮುಂದಿನ ಸಲ ತಾಯಿಯವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗುವಾಗ ಅಣ್ಣ, ಅತ್ತಿಗೆ ಇಬ್ಬರೂ ಜೊತೆಗಿರಲಿ. ಯಾವ ಕೆಲಸ ಮಾಡಬಹುದು, ಯಾವುದು ಬೇಡ ಎಂಬುದನ್ನು ಎಲ್ಲರೆದುರಿಗೆ ಹೇಳುವಂತೆ ವೈದ್ಯರನ್ನು ಕೋರಿ, ಸಾಧ್ಯವಾದರೆ ಚೀಟಿಯಲ್ಲೇ ಬರೆಸಿಕೊಳ್ಳಿ. ಮನೆಗೆ ಬಂದ ನೆಂಟರೆದುರಿಗೆ ‘ಡಾಕ್ಟರೇ ಹೇಳಿದ್ದಾರೆ’ ಎನ್ನಲು ಅತ್ತಿಗೆಗೆ ಒಂದು ಆಧಾರ ಸಿಗುತ್ತದೆ.

ಯಾವ ಕೆಲಸ ಎಂಬುದರಲ್ಲೂ ವಿವೇಚನೆ ಬೇಕು. ಕೂತು ಹೂ ಕಟ್ಟುವುದು, ಅಕ್ಕಿ ಆರಿಸುವುದು, ಬೀನ್ಸ್ ಮುರಿಯುವುದು ಮನಸ್ಸಿಗೆ ಒಳ್ಳೆಯದು, ಕಾಲಿಗೆ ಅದರಿಂದ ಪ್ರಯೋಜನವಿಲ್ಲ. ನಿಂತು ಮಾಡುವ ಕೆಲಸ ಕೊಡಿ: ದೋಸೆ ಹುಯ್ಯುವುದು, ಒಗ್ಗರಣೆ ಹಾಕುವುದು, ದೇವರಮನೆ ಒರೆಸಿ ದೀಪ ಹಚ್ಚುವುದು, ಒಣಗಿದ ಬಟ್ಟೆ ತೆಗೆದು ಮಡಿಸಿಡುವುದು, ಹೂ ಕೊಯ್ಯುವುದು. ಅಟ್ಟ ಹತ್ತುವುದು, ತುಂಬಿದ ಬಕೆಟ್ ಎತ್ತುವುದು, ಒದ್ದೆ ನೆಲದ ಕೊಟ್ಟಿಗೆಗೆ ಒಬ್ಬರೇ ಹೋಗುವುದು ಸದ್ಯಕ್ಕೆ ಬೇಡ; ಬಲ ಬಂದ ಮೇಲೆ ನೋಡಬಹುದು.

ಆದರೆ ಮನೆಗೆಲಸವೊಂದೇ ಸಾಲದು. ಕಳೆದುಹೋದ ಬಲವನ್ನು ತರಲು ವ್ಯಾಯಾಮವನ್ನೇ ಮಾಡಬೇಕು, ಮತ್ತು ಅದು ಬರೀ ವಾಕಿಂಗ್ ಆಗಬಾರದು. ನಮ್ಮಲ್ಲಿ ವಯಸ್ಸಾದವರಿಗೆ ವ್ಯಾಯಾಮವೆಂದರೆ ವಾಕಿಂಗ್ ಎಂಬ ಭಾವನೆ ಬೇರೂರಿದೆ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು; ಬೀಳುವುದನ್ನು ಅದೊಂದೇ ತಡೆಯುತ್ತದೆ ಎನ್ನಲು ಆಧಾರ ಸಾಲದು. 2019ರಲ್ಲಿ ಕಾಕ್ರೇನ್ ಸಂಸ್ಥೆ 108 ಪ್ರಯೋಗಗಳ, 23 ಸಾವಿರಕ್ಕೂ ಹೆಚ್ಚು ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಶೇ 23ರಷ್ಟು ತಗ್ಗುತ್ತದೆಂದು ಕಂಡುಬಂತು. ಸಮತೋಲದ ಅಭ್ಯಾಸವನ್ನೂ ಬಲದ ಅಭ್ಯಾಸವನ್ನೂ ಕೂಡಿಸಿ ಮಾಡಿದವರಲ್ಲಿ ಲಾಭ ಇನ್ನೂ ಹೆಚ್ಚು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಹೇಳಿರುವುದೂ ಇದಕ್ಕೇ.

ನಿಮ್ಮ ತಾಯಿಯವರಿಗೆ ನಾನು ಮೊದಲು ಹೇಳಿಕೊಡುವುದು ಕುರ್ಚಿಯಿಂದ ಏಳುವ ಅಭ್ಯಾಸ. ಅವರಿಂದ ಯಾವುದು ಆಗುತ್ತಿಲ್ಲವೋ ಅದನ್ನೇ ಅಭ್ಯಾಸವಾಗಿ ಮಾಡಿಸುವುದು ಈ ವಿದ್ಯೆಯ ತಿರುಳು. ಕೈಗಳಿರುವ ಗಟ್ಟಿ ಮರದ ಕುರ್ಚಿಯೊಂದನ್ನು ಗೋಡೆಗೆ ಆನಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಹಿಂದಕ್ಕೆ ಸರಿಯುತ್ತದೆ. ಸೀಟು ತಗ್ಗಾಗಿದ್ದರೆ ಮಡಿಸಿದ ಕಂಬಳಿ ಹಾಕಿ ಎತ್ತರಿಸಿ. ಅವರು ಕುರ್ಚಿಯ ಮುಂತುದಿಗೆ ಸರಿದು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆಳೆದು, ಎದೆಯನ್ನು ಮುಂದಕ್ಕೆ ಬಾಗಿಸಿ ಏಳಬೇಕು. ಎಷ್ಟೋ ಮಂದಿ ಏಳಲಾರದಿರುವುದು ಬಲವಿಲ್ಲದೆ ಮಾತ್ರವಲ್ಲ, ಬೀಳುವ ಭಯದಿಂದ ಮುಂದಕ್ಕೆ ಬಾಗದೆ ನೇರ ಮೇಲೇಳಲು ನೋಡುವುದರಿಂದ. ಮೊದಲ ವಾರ ಕುರ್ಚಿಯ ಕೈಗಳನ್ನು ಒತ್ತಿ ಎದ್ದರೂ ಸರಿ. ಕೂರುವಾಗ ಧೊಪ್ಪನೆ ಬೀಳದೆ, ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸುತ್ತಾ ನಿಧಾನವಾಗಿ ಇಳಿಯಲಿ. ತೊಡೆಗೆ ನಿಜವಾದ ಕೆಲಸ ಸಿಗುವುದು ಆ ಇಳಿಯುವಿಕೆಯಲ್ಲೇ. ಐದು ಸಲ, ಸ್ವಲ್ಪ ವಿರಾಮ, ಮತ್ತೆ ಐದು ಸಲ. ಕೊನೆಯ ಒಂದೆರಡು ಸಲ ಕಷ್ಟವೆನಿಸಬೇಕು. ಕಷ್ಟವೆನಿಸದಿದ್ದರೆ ಕಂಬಳಿ ತೆಗೆಯಿರಿ, ಕೈಗಳ ಆಸರೆ ಬಿಡಿಸಿ, ಆಮೇಲೆ ನೀರು ತುಂಬಿದ ತಂಬಿಗೆಯೊಂದನ್ನು ಎದೆಗೊತ್ತಿ ಹಿಡಿಸಿ. ಹೀಗೆ ಏರಿಸುತ್ತಾ ಹೋಗದೆ ಅದೇ ಐದನ್ನೇ ಆರು ತಿಂಗಳು ಮಾಡಿದರೆ ಬಲ ಅಲ್ಲೇ ನಿಂತುಬಿಡುತ್ತದೆ.

ಇದರ ಜೊತೆಗೆ ಅಡುಗೆ ಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಕಟ್ಟೆಯುದ್ದಕ್ಕೂ ಪಕ್ಕಕ್ಕೆ ಹೆಜ್ಜೆ ಹಾಕುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ಹತ್ತು ಎಣಿಸುವವರೆಗೆ ನಿಲ್ಲುವುದು. ಆರಂಭದಲ್ಲಿ ಯಾರಾದರೂ ಪಕ್ಕದಲ್ಲಿರಬೇಕು, ಹಿಡಿದುಕೊಳ್ಳಬಾರದು. ಮಾರನೆಯ ದಿನ ತೊಡೆ ಸ್ವಲ್ಪ ನೋಯುವುದು ಸಹಜ. ಎದೆನೋವು, ತಲೆ ತಿರುಗುವುದು, ಮಾತಾಡಲಾಗದಷ್ಟು ಏದುಸಿರು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಂಡಿನೋವಿದೆ ಎಂಬ ಕಾರಣಕ್ಕೆ ಇದನ್ನು ಬಿಡಬೇಡಿ. ಸವೆದ ಮಂಡಿಗೆ ತೊಡೆಯ ಸ್ನಾಯುಗಳನ್ನು ಬಲಪಡಿಸುವುದೇ ಮೊದಲ ಚಿಕಿತ್ಸೆ. ಹತ್ತಿರದಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೆ ಮೊದಲ ಕೆಲವು ಸಲ ಅವರ ಎದುರಿಗೇ ಕಲಿಯುವುದು ಉತ್ತಮ.

ಸುಧಾರಣೆಯನ್ನು ಅಳೆಯಲು ಗಡಿಯಾರ ಸಾಕು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರು ಎಂದು ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಂತೆ 70ರಿಂದ 74ರ ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಹೆಚ್ಚಿದೆ ಎಂದರ್ಥ. ನಿಮ್ಮ ತಾಯಿಯವರ ಅಂಕ ಇಂದು ಸೊನ್ನೆಯಾಗಿರಬಹುದು. ಕೈ ಊರಿದರೆ ಆ ಲೆಕ್ಕದಲ್ಲಿ ಸೊನ್ನೆಯೇ. ಎರಡು ವಾರಕ್ಕೊಮ್ಮೆ ಕ್ಯಾಲೆಂಡರಿನ ಮೇಲೆ ಗುರುತು ಮಾಡಿಡಿ. ಒಂದರಿಂದ ನಾಲ್ಕಕ್ಕೆ ಏರಿದ್ದನ್ನು ತಾವೇ ಕಂಡವರಿಗೆ ಬೇರೆ ಪ್ರೋತ್ಸಾಹ ಬೇಕಾಗುವುದಿಲ್ಲ.

ಇನ್ನು ಅವರು ಬಿದ್ದದ್ದೇಕೆ ಎಂಬ ಪ್ರಶ್ನೆ. ‘ಜಾರಿ’ ಬಿದ್ದರು ಎಂದು ಮನೆಯವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ರಾತ್ರಿಯ ಹೊತ್ತು, ನಿದ್ರೆಯ ಮಾತ್ರೆ ತೆಗೆದುಕೊಂಡವರು, ಬಿಪಿ ಮಾತ್ರೆಯಲ್ಲಿರುವವರು, ಅವಸರದಲ್ಲಿ ಹಾಸಿಗೆಯಿಂದೆದ್ದು ಬಚ್ಚಲಿಗೆ ಹೋದಾಗ ಬಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಒದ್ದೆ ನೆಲದ ಕಡೆಗಲ್ಲ, ಮಾತ್ರೆಗಳ ಡಬ್ಬದ ಕಡೆಗೆ. ನಿದ್ರೆಗೆಂದು ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಆಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್‌ನಂಥ ಮಾತ್ರೆಗಳು ವಯಸ್ಸಾದವರ ಮೈಯಿಂದ ನಿಧಾನವಾಗಿ ಹೊರಹೋಗುತ್ತವೆ; ಸಮತೋಲ ಕೆಡಿಸುತ್ತವೆ, ನೆನಪನ್ನು ಮಂಕಾಗಿಸುತ್ತವೆ. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಗಳ ಬಗ್ಗೆ ಅಮೆರಿಕದ ವೃದ್ಧವೈದ್ಯರ ಸಂಘ ಪರಿಷ್ಕರಿಸುತ್ತಾ ಬಂದಿರುವ ಬೀರ್ಸ್ ಪಟ್ಟಿಯಲ್ಲಿ ಇವು ಸೇರಿವೆ. ಆದರೆ ಈ ಉತ್ತರ ಓದಿ ಆ ಮಾತ್ರೆಯನ್ನು ನಾಳೆಯೇ ನಿಲ್ಲಿಸಬೇಡಿ. ಮೂರು ವರ್ಷ ತೆಗೆದುಕೊಂಡದ್ದನ್ನು ಥಟ್ಟನೆ ಬಿಟ್ಟರೆ ನಿದ್ರೆ ಪೂರ್ತಿ ಕೆಡುವುದು, ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ವಾರಗಳು, ಬೇಕಾದರೆ ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ಆ ಮಾತ್ರೆ ನಿಮ್ಮ ತಂದೆಯವರ ಸಾವಿನ ನಂತರ ಬಂದದ್ದು ಎಂಬುದನ್ನೂ ಮರೆಯಬಾರದು. ಅಷ್ಟು ವರ್ಷ ಜೊತೆಗಿದ್ದವರು ಹೋದಾಗ ನಿದ್ರೆ ಬಾರದಿರುವುದು ಕಾಯಿಲೆಯಲ್ಲ; ಆದರೆ ಮೂರು ವರ್ಷವಾದರೂ ಅದು ಹಾಗೆಯೇ ಇದ್ದು, ಊಟದಲ್ಲಿ ರುಚಿಯಿಲ್ಲದೆ, ಯಾರೊಡನೆಯೂ ಮಾತು ಬೇಡವೆನಿಸಿ, ‘ಇನ್ನೇನು ಇದೆ ನನಗೆ’ ಎಂಬ ಮಾತು ಪದೇಪದೇ ಬರುತ್ತಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಮತ್ತು ಈ ವಯಸ್ಸಿನಲ್ಲೂ ಫಲ ಕೊಡುತ್ತದೆ. ಅಂಗಳಕ್ಕಿಳಿಯದಿರುವುದಕ್ಕೆ ಕಾಲಿನ ಬಲವೊಂದೇ ಕಾರಣವೇ ಎಂಬುದನ್ನು ಹತ್ತಿರವಿರುವವರು ಗಮನಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಿಪಿಯನ್ನು ಕೂತಾಗ ಮಾತ್ರ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಲು ಕೇಳಿ. ನಿಂತಾಗ ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಮೆದುಳಿಗೆ ರಕ್ತ ಆ ಕ್ಷಣದಲ್ಲಿ ಸಾಲುತ್ತಿಲ್ಲ, ಕಣ್ಣು ಕತ್ತಲೆಗಟ್ಟುವುದು ಅದಕ್ಕೇ; ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಬೇಕಾಗುತ್ತದೆ. ಶುಗರ್ ಮಾತ್ರೆ ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಜಾತಿಯದಾಗಿದ್ದು ಅವರು ರಾತ್ರಿ ಒಂದು ಲೋಟ ಗಂಜಿ ಕುಡಿದು ಮಲಗುವವರಾದರೆ, ನಡುರಾತ್ರಿ ಸಕ್ಕರೆ ಇಳಿದೇ ಬಿದ್ದಿರಬಹುದು. 74ರ ದುರ್ಬಲ ದೇಹಕ್ಕೆ ನಲವತ್ತರ ವಯಸ್ಸಿನವರಷ್ಟು ಬಿಗಿಯಾದ ಸಕ್ಕರೆ ನಿಯಂತ್ರಣ ಬೇಕಿಲ್ಲ, ಅದರಿಂದ ಹಾನಿಯೇ ಹೆಚ್ಚು. ಶುಗರ್‌ಗೇ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡಿದ್ದರೆ, ಅದರಲ್ಲೂ ಸಸ್ಯಾಹಾರಿಗಳಾದರೆ, ಬಿ12 ಕೊರತೆಯಿಂದ ಪಾದಗಳ ಸ್ಪರ್ಶಜ್ಞಾನ ಮಂದವಾಗಿ ನಡಿಗೆ ತೂರಾಡಬಹುದು. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ.

ನೀವು ಕೇಳದಿದ್ದರೂ ಹೇಳಬೇಕಾದದ್ದು ಮೂಳೆಯ ಮಾತು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದಿದೆಯೆಂದರೆ ಮೂಳೆ ಟೊಳ್ಳಾಗಿದೆಯೆಂದು ಅನುಮಾನಿಸಲೇಬೇಕು. ಹೀಗೊಮ್ಮೆ ಮುರಿದವರಲ್ಲಿ ಇನ್ನೊಂದು ಮೂಳೆ ಮುರಿಯುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು, ಮತ್ತು ಮುಂದಿನದು ಬೆನ್ನುಮೂಳೆಯೋ ಸೊಂಟದ್ದೋ ಆದರೆ ಅದರಿಂದ ಚೇತರಿಸಿಕೊಳ್ಳುವುದು ಮಣಿಕಟ್ಟಿನಷ್ಟು ಸುಲಭವಲ್ಲ. ನಮ್ಮಲ್ಲಿ ಪ್ಲಾಸ್ಟರ್ ಹಾಕಿ, ಬಿಚ್ಚಿ, ಅಲ್ಲಿಗೆ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುರಿದ ಮೂಳೆ ಕೂಡಿಕೊಂಡಿತೇ ಹೊರತು ಮುರಿಯಲು ಕಾರಣವಾದದ್ದು ಹಾಗೆಯೇ ಉಳಿಯಿತು. ಡೆಕ್ಸಾ ಎಂಬ ಸ್ಕ್ಯಾನ್‌ನಿಂದ ಮೂಳೆಯ ಸಾಂದ್ರತೆ ಗೊತ್ತಾಗುತ್ತದೆ. ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಮಾಡಿಸಬಹುದು. ಕೊರತೆ ಕಂಡರೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಇಂಜೆಕ್ಷನ್ ಮುಂತಾದ ಔಷಧಗಳಿವೆ. ಮೂತ್ರಪಿಂಡ ಸರಿಯಿದೆಯೇ, ಹಲ್ಲು ಕೀಳಿಸುವುದಿದೆಯೇ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ.

ವಿಟಮಿನ್ ಡಿ ಬಗ್ಗೆ ಒಂದು ಎಚ್ಚರಿಕೆ. ಕೊರತೆಯಿದ್ದರೆ ತುಂಬಿಸಲೇಬೇಕು, ಆದರೆ ಲಕ್ಷಗಟ್ಟಲೆ ಯೂನಿಟ್ಟುಗಳ ಇಂಜೆಕ್ಷನ್ ಒಂದನ್ನು ಚುಚ್ಚಿಸಿಕೊಂಡರೆ ವರ್ಷಪೂರ್ತಿ ಚಿಂತೆಯಿಲ್ಲ ಎಂಬ ನಂಬಿಕೆ ಸರಿಯಲ್ಲ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಬಾಯಿಯ ಮೂಲಕ ಕೊಟ್ಟಾಗ ಅವರು ಕಡಿಮೆಯಲ್ಲ, ಹೆಚ್ಚೇ ಬಿದ್ದರು. ಮೂಳೆ ಮುರಿದದ್ದೂ ಹೆಚ್ಚೇ.

ಟಾನಿಕ್ಕಿಗೆ ಹಣ ಖರ್ಚು ಮಾಡಬೇಡಿ. ಪ್ರೋಟೀನ್ ಪುಡಿ ವಿಷವೇನಲ್ಲ, ಊಟ ತೀರ ಸೇರದವರಿಗೆ ಉಪಯೋಗವೂ ಆಗುತ್ತದೆ. ಆದರೆ ಮೊದಲು ತಟ್ಟೆಯನ್ನು ನೋಡಿ. ನಮ್ಮ ಕಡೆಯ ವಯಸ್ಸಾದ ಹೆಂಗಸರ ಊಟ ಬರುಬರುತ್ತಾ ಅನ್ನ, ತಿಳಿಸಾರು, ಮಜ್ಜಿಗೆಗೆ ಇಳಿಯುತ್ತದೆ. ರಾತ್ರಿ ಗಂಜಿ ಸಾಕೆನ್ನುತ್ತಾರೆ. ಹಲ್ಲಿಲ್ಲದಿದ್ದರೆ ಅದೂ ನೀರಾಗುತ್ತದೆ. ಏಕಾದಶಿ, ಸಂಕಷ್ಟಿ, ಸೋಮವಾರ ಎಂದು ವಾರದಲ್ಲಿ ಎರಡು ದಿನ ಅದೂ ಇಲ್ಲ. ಈ ವಯಸ್ಸಿನಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ತಾಯಿಯವರ ತೂಕ 50 ಕಿಲೋ ಎಂದಿಟ್ಟುಕೊಂಡರೆ 50ರಿಂದ 60 ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಹಿಡಿ ಒಣ ಬೇಳೆ ಅಥವಾ ಕಾಳಿನಲ್ಲಿ ಆರೇಳು ಗ್ರಾಂ ಇದೆ. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಮಜ್ಜಿಗೆಯ ಬದಲು ಗಟ್ಟಿ ಮೊಸರು, ಮೊಳಕೆ ಹೆಸರುಕಾಳನ್ನು ಮೆತ್ತಗೆ ಬೇಯಿಸಿದ ಉಸಲಿ, ಹುರುಳಿಯ ಕಟ್ಟಷ್ಟೇ ಅಲ್ಲದೆ ಕಾಳೂ, ಸಂಜೆ ಶೇಂಗಾ ಪುಡಿ ಹಾಕಿದ ಅವಲಕ್ಕಿ. ಮನೆಯಲ್ಲಿ ಮೀನು, ಮೊಟ್ಟೆ ತಿನ್ನುವ ರೂಢಿಯಿದ್ದರೆ ಲೆಕ್ಕ ಇನ್ನೂ ಸುಲಭ. ರಾತ್ರಿ ಒಂದೇ ಹೊತ್ತಿಗೆ ತುಂಬುವುದಕ್ಕಿಂತ ಮೂರು ಹೊತ್ತಿಗೂ ಹಂಚಿ ಕೊಡಿ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ರಾಗಿ ಅಂಬಲಿಗೆ ಹಾಲು ಬೆರೆಸಿದರೆ ಮೂಳೆಗೂ ಸ್ನಾಯುವಿಗೂ ಆಯಿತು. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಿ. ಮಧುಮೇಹವಿರುವ ಕಾರಣ ಉಪವಾಸದ ದಿನ ಮಾತ್ರೆಯ ಪ್ರಮಾಣವೇನು ಎಂಬುದನ್ನೂ ಕೇಳಬೇಕು.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ, ಆದರೆ ಮಳೆಗಾಲಕ್ಕೆ ಮೊದಲೇ ಮಾಡಿ. ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿಯಿಡೀ ಸಣ್ಣ ದೀಪ, ಕರೆಂಟು ಹೋದರೆ ಕೈಗೆ ಸಿಗುವಂತೆ ದಿಂಬಿನ ಪಕ್ಕ ಟಾರ್ಚ್. ಬಚ್ಚಲಿನಲ್ಲಿ ಮತ್ತು ಕಮೋಡಿನ ಪಕ್ಕ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿದ ಸ್ಟೀಲ್ ಹಿಡಿಕೆ. ಟವೆಲ್ ಹಾಕುವ ಸರಳು ಆ ಭಾರ ತಡೆಯುವುದಿಲ್ಲ, ಹೀರಿಕೊಂಡು ಅಂಟುವ ರಬ್ಬರಿನ ಹಿಡಿಕೆಯೂ ನಂಬಿಕೆಗೆ ಅರ್ಹವಲ್ಲ. ಎಣ್ಣೆ ಸ್ನಾನದ ದಿನ ಅಂಗಾಲಿಗೆ ಎಣ್ಣೆ ಬೇಡ, ಕೂತು ಸ್ನಾನ ಮಾಡಲು ಸ್ಟೂಲ್ ಇರಲಿ. ಎತ್ತರದ ಹೊಸ್ತಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಅಂಗಳದಲ್ಲಿ ಪಾಚಿ ಕಟ್ಟುವ ಕಾಲಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುವುದು ನಿಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ, ಹೂವಿನ ಗಿಡದವರೆಗೂ ಹಾಸಿಬಿಡಿ. ಹವಾಯಿ ಚಪ್ಪಲಿ ಸವೆದಿದ್ದರೆ ಎಸೆಯಿರಿ, ಹಿಂದೆ ಪಟ್ಟಿಯಿರುವುದನ್ನು ಕೊಡಿಸಿ. ಊರುಗೋಲು ಬೇಕೆಂದು ವೈದ್ಯರು ಹೇಳಿದರೆ ಅದರ ಎತ್ತರ ಅವರ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ತಂದೆಯವರದ್ದು ಮನೆಯಲ್ಲಿದೆ ಎಂದು ಅದನ್ನೇ ಕೊಡಬೇಡಿ.

ಬೆಂಗಳೂರಿಗೆ ಕರೆತರುವುದು ಮೇಲ್ನೋಟಕ್ಕೆ ಸುರಕ್ಷಿತವಾಗಿ ಕಾಣುತ್ತದೆ: ಸಮತಟ್ಟಾದ ನೆಲ, ಲಿಫ್ಟು, ಹತ್ತಿರದಲ್ಲಿ ಆಸ್ಪತ್ರೆ. ಆದರೆ ಫ್ಲ್ಯಾಟಿನಲ್ಲಿ ಅವರಿಗೆ ಮಾಡಲು ಕೆಲಸವಿಲ್ಲ, ಮಾತಿಗೆ ಜನವಿಲ್ಲ, ರಾತ್ರಿ ಎದ್ದಾಗ ಬಚ್ಚಲು ಯಾವ ಕಡೆ ಎಂಬುದು ಕಾಲಿಗೆ ಅಭ್ಯಾಸವಿಲ್ಲ. ನೀವೂ ಮನೆಯವರೂ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಟಿವಿಯ ಮುಂದೆ ಕೂರುವುದಾದರೆ ಈಗಿನ ತೊಂದರೆಯನ್ನೇ ಇನ್ನೊಂದು ಊರಿಗೆ ತಂದಂತಾಗುತ್ತದೆ. ಅವರೇ ಬರಬೇಕೆಂದು ಬಯಸಿದರೆ ಮಾತು ಬೇರೆ. ಅವರನ್ನು ಕೇಳಿದ್ದೀರಾ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಸದ್ಯಕ್ಕೆ ಎರಡು ಮೂರು ವಾರಕ್ಕೆ ಕರೆತನ್ನಿ. ಆ ಅವಧಿಯಲ್ಲಿ ಡೆಕ್ಸಾ ಸ್ಕ್ಯಾನ್, ಬಿ12 ಮತ್ತು ವಿಟಮಿನ್ ಡಿ ಪರೀಕ್ಷೆ, ಕಣ್ಣಿನ ಪೊರೆಯ ತಪಾಸಣೆ ಮುಗಿಸಿ, ಒಬ್ಬ ಫಿಸಿಯೋಥೆರಪಿಸ್ಟರಿಂದ ವ್ಯಾಯಾಮ ಕಲಿಸಿ, ಸಾಧ್ಯವಾದರೆ ಅತ್ತಿಗೆಯವರನ್ನೂ ಕೆಲವು ದಿನ ಜೊತೆಗೆ ಕರೆಸಿಕೊಳ್ಳಿ.

ವೈದ್ಯರಲ್ಲಿಗೆ ಹೋಗುವಾಗ ಹೆಸರು ಬರೆದ ಪಟ್ಟಿಯ ಬದಲು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನೆಗಡಿಗೆಂದು ಅಂಗಡಿಯಿಂದ ತಂದದ್ದು, ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು ಸೇರಿದಂತೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೆಂಗಳೂರಿನಲ್ಲಿ ಬದಲಿಸಿದ ಚೀಟಿಯ ಪ್ರತಿಯನ್ನು ತೀರ್ಥಹಳ್ಳಿಯ ವೈದ್ಯರಿಗೂ ತಲುಪಿಸಿ, ಹಳೆಯ ಪಟ್ಟಿಯಲ್ಲಿ ನಿಲ್ಲಿಸಿದ ಮಾತ್ರೆಗಳನ್ನು ಮನೆಯಿಂದಲೇ ತೆಗೆದುಬಿಡಿ. ಎರಡು ಊರಿನ ಎರಡು ಚೀಟಿಗಳಲ್ಲಿ ಒಂದೇ ಬಿಪಿ ಮಾತ್ರೆ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬಂದು, ಎರಡನ್ನೂ ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ.